ನಿನ್ನ ಟೀಚರ್ ಯಾರು?

ಎರಡು ಆಫರ್ ಪತ್ರಗಳನ್ನು ಎದುರಿಗಿಟ್ಟುಕೊಂಡು ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದೆ. ಅಮೆರಿಕದಲ್ಲಿ ಓದುತ್ತಿರುವ ನನಗೆ ಬಂದ ಇವೆರಡೂ ಬೇಸಿಗೆಯ ಇಂಟರ್ನ್‌ಶಿಪ್‌ಗಳು. ಒಂದು, ಎಲ್ಲರೂ ಹೆಸರು ಕೇಳಿರುವ ದೊಡ್ಡ ಕಂಪನಿಯ ಡೇಟಾ ವಿಭಾಗದ್ದು, ಹನ್ನೆರಡು ವಾರ. ಇನ್ನೊಂದು, ಬೇರೊಂದು ರಾಜ್ಯದ ವಿಶ್ವವಿದ್ಯಾಲಯದ ಅಂತರ್ಜಲ ಪ್ರಯೋಗಾಲಯದ್ದು, ಹತ್ತು ವಾರ. ಸ್ಟೈಪೆಂಡ್ ಅರ್ಧಕ್ಕಿಂತಲೂ ಕಡಿಮೆ. ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು.

ಭಾನುವಾರ ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದಾಗಲೂ ನಾನು ಗೆರೆ ಎಳೆದು ಹೋಲಿಕೆ ಬರೆದಿದ್ದ ಹಾಳೆ ಕೈಯಲ್ಲೇ ಇತ್ತು. ಪಕ್ಕದ ಮನೆಯ ಏಳು ವರ್ಷದ ಹುಡುಗಿ ಡ್ರೈಯರ್ ಮೇಲೆ ಹತ್ತಿ ಕುಳಿತಿದ್ದಳು. ಹಾಳೆಯನ್ನು ಇಸಿದುಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದಳು: ಹಣ, ವಾರ, ಊರು, ಹೆಸರು, ಮುಂದೆ ಕೆಲಸ ಸಿಗುವ ಸಾಧ್ಯತೆ.

"ಇದು ರಜೆಯ ಶಾಲೆಯಾ?" ಎಂದಳು.

"ಹೌದು, ಒಂಥರಾ ಹಾಗೆಯೇ. ಕೆಲಸ ಕಲಿಯಲು ಹೋಗುವುದು."

"ಮತ್ತೆ ನಿನ್ನ ಟೀಚರ್ ಯಾರು? ಅದನ್ನು ಬರೆದೇ ಇಲ್ಲವಲ್ಲ."

ಅವಳ ತಾಯಿ ಬಟ್ಟೆ ಮಡಿಸಿ ಮುಗಿಸಿದರು, ಇಬ್ಬರೂ ಹೊರಟುಹೋದರು. ನಾನು ಅಲ್ಲೇ ನಿಂತಿದ್ದೆ. ಪ್ರಯೋಗಾಲಯದ ಸಾಲಿನಲ್ಲಿ ಬರೆಯಲು ನನ್ನಲ್ಲಿ ಒಂದು ಹೆಸರಿತ್ತು. ಆ ಪ್ರೊಫೆಸರ್ ನನ್ನೊಡನೆ ನಲವತ್ತು ನಿಮಿಷ ಮಾತನಾಡಿ, ನನ್ನ ಪ್ರಾಜೆಕ್ಟಿನ ಒಂದು ತಪ್ಪನ್ನು ಹಿಡಿದು, ಅದು ಎಲ್ಲಿಂದ ಬಂತೆಂದು ನನ್ನಿಂದಲೇ ಹೇಳಿಸಿದ್ದರು. ಕಂಪನಿಯ ಸಾಲಿನಲ್ಲಿ ಬರೆಯಲು ಏನೂ ಇರಲಿಲ್ಲ. ಮೂರು ಸುತ್ತಿನ ಸಂದರ್ಶನದಲ್ಲಿ ಮೂವರು ಬೇರೆ ಬೇರೆ ಜನ. ನಾನು ಯಾರ ಜೊತೆ ಕೆಲಸ ಮಾಡುತ್ತೇನೆಂದು ಒಬ್ಬರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮನೆಯಿಂದ ಬಂದ ಫೋನುಗಳಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. "ಎಷ್ಟು ಕೊಡುತ್ತಾರೆ? ಆಮೇಲೆ ಅವರೇ ಇಟ್ಟುಕೊಳ್ಳುತ್ತಾರಾ?" ಎಂಬುದೇ ಎಲ್ಲರ ಮಾತು. ಅವರ ಆತಂಕ ಸುಳ್ಳಲ್ಲ. ಇಲ್ಲಿ ಪದವಿ ಮುಗಿದ ಮೇಲೆ ಒಪಿಟಿ ಎಂದು 12 ತಿಂಗಳು ಕೆಲಸ ಮಾಡಲು ಅವಕಾಶ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಮತ್ತೆ 24 ತಿಂಗಳು. ಅಷ್ಟರೊಳಗೆ ಎಚ್-1ಬಿ ಎಂಬ ಉದ್ಯೋಗ ವೀಸಾ ಸಿಗಬೇಕು. ಅದಕ್ಕೆ ಮಿತಿ ವರ್ಷಕ್ಕೆ 65,000, ಇಲ್ಲಿಯೇ ಸ್ನಾತಕೋತ್ತರ ಓದಿದವರಿಗೆ ಇನ್ನೂ 20,000. ಅರ್ಜಿ ಹೆಚ್ಚಾದರೆ ಲಾಟರಿ. ದೊಡ್ಡ ಕಂಪನಿಗಳು ಬೇಸಿಗೆಯಲ್ಲಿ ಚೆನ್ನಾಗಿ ದುಡಿದವರನ್ನು ಕರೆದು ಕೆಲಸ ಕೊಡುವುದುಂಟು, ಅರ್ಜಿಯ ಖರ್ಚನ್ನೂ ಭರಿಸುತ್ತವೆ. ಸಾಲ ಮಾಡಿ ಬಂದವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ವಿಶ್ವವಿದ್ಯಾಲಯಗಳಿಗೆ ಆ ಮಿತಿ ಅನ್ವಯಿಸುವುದಿಲ್ಲ, ಅಲ್ಲಿ ಲಾಟರಿಯೇ ಇಲ್ಲ ಎಂಬುದನ್ನೂ ನಾನು ಹಾಳೆಯಲ್ಲಿ ಬರೆದಿರಲಿಲ್ಲ. ಅಲ್ಲಿನ ಹುದ್ದೆಗಳು ಅನುದಾನವನ್ನು ನೆಚ್ಚಿಕೊಂಡಿರುತ್ತವೆ ಎಂಬುದೂ ನಿಜ. ಎರಡನ್ನೂ ಬರೆದುಕೊಂಡೆ.

ಎಂಜಿನಿಯರಿಂಗ್ ಕೊನೆಯ ವರ್ಷದ ಕ್ಯಾಂಪಸ್ ಸಂದರ್ಶನ ನೆನಪಾಯಿತು. ಒಂದು ಕಂಪನಿ ಆರಿಸಿದರೆ ಮುಂದಿನ ಕಂಪನಿಗೆ ಕೂರುವಂತಿಲ್ಲ ಎಂಬುದು ನಮ್ಮ ಕಾಲೇಜಿನ ನಿಯಮ. ಮೊದಲು ಬಂದದ್ದು ಸಾಫ್ಟ್‌ವೇರ್ ಕಂಪನಿ, ನಾನು ಓದಿದ್ದು ಸಿವಿಲ್. ಆಫರ್ ಪತ್ರದಲ್ಲಿ ಸಂಬಳವಿತ್ತು, ಊರಿತ್ತು, ಬಾಂಡ್ ಇತ್ತು. ಕೆಲಸ ಏನೆಂದು ಮಾತ್ರ ಇರಲಿಲ್ಲ. ಮನೆಯವರ ಸಂತೋಷದ ನಡುವೆ ನನಗೂ ಅದು ಕಾಣಲಿಲ್ಲ. ಮೊದಲ ನಾಲ್ಕು ತಿಂಗಳು ಯಾವ ಪ್ರಾಜೆಕ್ಟೂ ಇಲ್ಲದೆ ಬೆಂಚ್‌ನಲ್ಲಿ ಕಳೆದೆ. ಬೆಳಿಗ್ಗೆ ಕಾರ್ಡ್ ತೋರಿಸಿ ಒಳಗೆ ಹೋಗುವುದು, ಸಂಜೆ ಕಾರ್ಡ್ ತೋರಿಸಿ ಹೊರಗೆ ಬರುವುದು. ಆಮೇಲೆ ಸಿಕ್ಕಿದ ಪ್ರಾಜೆಕ್ಟ್‌ನಲ್ಲೂ ನೀರಿಗೆ ಸಂಬಂಧಿಸಿದ್ದು ಏನೂ ಇರಲಿಲ್ಲ. ಕೆಲಸ ಕೊಡುವವರನ್ನು ತಿರುಗಿ ಪ್ರಶ್ನೆ ಕೇಳಬಹುದು ಎಂದು ನಮಗೆ ಯಾರೂ ಹೇಳಿಕೊಡಲಿಲ್ಲ. ಕೇಳಿದರೆ ಕೆಲಸವೇ ಕೈತಪ್ಪೀತು ಎಂದು ಹೆದರಿಸಿದ್ದರು. ಅದು ಈಗಲೂ ನನ್ನನ್ನು ನೋಯಿಸುತ್ತದೆ.

ಆ ರಾತ್ರಿ ಇಬ್ಬರಿಗೂ ಒಂದೇ ಇಮೇಲ್ ಬರೆದೆ. ನನಗೆ ಮಾರ್ಗದರ್ಶನ ಮಾಡುವವರು ಯಾರು? ಮಾಡಬೇಕಾದ ಕೆಲಸ ಯಾವುದು? ಕೊನೆಯ ದಿನ ನಾನು ಮಾಡಿದ್ದೆಂದು ತೋರಿಸಲು ಕೈಯಲ್ಲಿ ಏನಿರುತ್ತದೆ? ಕಳುಹಿಸುವಾಗ ಬೆರಳು ನಡುಗಿತು.

ಕಂಪನಿಯಿಂದ ಮಂಗಳವಾರ ಸೌಜನ್ಯದ ಉತ್ತರ ಬಂತು: ಯಾವ ತಂಡ ಎಂಬುದು ಮೊದಲ ವಾರದಲ್ಲಿ ತಿಳಿಯುತ್ತದೆ. ಪ್ರೊಫೆಸರ್ ಸೋಮವಾರವೇ ಬರೆದಿದ್ದರು: "ಮೂವತ್ತು ವರ್ಷಗಳ ಬಾವಿ ನೀರಿನ ಮಟ್ಟದ ದಾಖಲೆ ನಮ್ಮಲ್ಲಿದೆ, ನಡುನಡುವೆ ತಿಂಗಳುಗಟ್ಟಲೆ ಖಾಲಿ. ಆ ಖಾಲಿ ಜಾಗಗಳನ್ನು ಹೇಗೆ ಅಂದಾಜಿಸಬಹುದೆಂದು ಕಂಡುಕೊಳ್ಳುವುದು ನಿಮ್ಮ ಕೆಲಸ. ವಾರಕ್ಕೊಮ್ಮೆ ಒಂದು ಗಂಟೆ ಕೂತು ನೋಡೋಣ." ಡೇಟಾ ವಿಜ್ಞಾನವೇ ಗುರಿಯಾಗಿದ್ದರೆ ನಾನು ಕಂಪನಿಗೇ ಹೋಗುತ್ತಿದ್ದೆ, ತಂಡದ ಹೆಸರು ಗೊತ್ತಿಲ್ಲದಿದ್ದರೂ. ನನಗೆ ಬೇಕಾಗಿರುವುದು ನೀರಿನ ಕೆಲಸ. ಹತ್ತು ವರ್ಷ ಕಳೆದರೂ ಅದೇ ಬೇಕು.

ಗುರುವಾರ ಕಂಪನಿಗೆ ಕೃತಜ್ಞತೆ ತಿಳಿಸಿ, ಬರಲಾಗುವುದಿಲ್ಲವೆಂದು ಬರೆದೆ. ಓದುವಾಗಲೇ ಹೊರಗೆ ಕೆಲಸ ಮಾಡಲು ಬೇಕಾದ ಸಿಪಿಟಿ ಅನುಮತಿ ನಮೂದಾದ ಹೊಸ ಐ-20, ಅಂದರೆ ವಿದೇಶಿ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಕೊಡುವ ದಾಖಲೆ, ಕೈಗೆ ಬಂದದ್ದು ನಿನ್ನೆ. ಅದಿಲ್ಲದೆ ಕ್ಯಾಂಪಸ್ಸಿನ ಹೊರಗೆ ಒಂದು ದಿನವೂ ದುಡಿಯುವಂತಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಸ್ಟೈಪೆಂಡ್ ಎಷ್ಟೆಂದು ಹೇಳಿದಾಗ ಸ್ವಲ್ಪ ಹೊತ್ತು ಮಾತಿಲ್ಲ. ಬಾವಿಗಳ ವಿಷಯ ಹೇಳಿದೆ, ನೆಲಮಾಳಿಗೆಯ ಹುಡುಗಿಯ ವಿಷಯವನ್ನೂ ಹೇಳಿದೆ. ಆ ಕಡೆ ಡೈರಿಯ ಹಾಳೆ ತಿರುವಿದ ಸದ್ದು.

"ಆಯಿತಮ್ಮ. ನಿನಗೆ ಕಲಿಸುವವರ ಹೆಸರೇನು? ನಿಧಾನವಾಗಿ ಹೇಳು, ಬರೆದುಕೊಳ್ಳುತ್ತೇನೆ."