ಮೂಲ ಆಕರ ಸಿಗುತ್ತಿಲ್ಲವೇ? ಕಾಗದ ಹುಟ್ಟಿದ ಮನೆ ಹುಡುಕಿ

ಸಾಹಿತ್ಯ, ಇತಿಹಾಸದ ಸಂಶೋಧನೆಗೆ ಇಳಿದವರು ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಇದು: "ವಿಷಯ ಆರಿಸಿಕೊಂಡಾಯಿತು, ಅದರ ಮೇಲೆ ಮೂಲ ಆಕರಗಳೇ ಸಿಗುತ್ತಿಲ್ಲ. ಎಲ್ಲಿ ಹುಡುಕಲಿ?"

ಮೂಲ ಆಕರ ಎಂದರೆ ನೀವು ಅಭ್ಯಸಿಸುವ ಕಾಲದಲ್ಲೇ ಹುಟ್ಟಿದ ಪತ್ರ, ದಾಖಲೆ, ಹಸ್ತಪ್ರತಿ, ಪುಸ್ತಕ. ತೊಡಕಿರುವುದು 'ಅದರ ಮೇಲೆ' ಎಂಬ ಮಾತಿನಲ್ಲೇ. ಗ್ರಂಥಾಲಯದಲ್ಲಿ ಪುಸ್ತಕಗಳು ವಿಷಯವಾರು ನಿಂತಿರುತ್ತವೆ. ಹಳೆಯ ದಾಖಲೆಗಳನ್ನು ಕಾಪಾಡಿಡುವ ಪತ್ರಾಗಾರದಲ್ಲಿ (ಆರ್ಕೈವ್) ಹಾಗಲ್ಲ, ಅಲ್ಲಿ ಕಾಗದಗಳು ಅವನ್ನು ಹುಟ್ಟಿಸಿದ ಕಚೇರಿ, ಮನೆತನ ಅಥವಾ ವ್ಯಕ್ತಿಯ ಹೆಸರಿನಲ್ಲಿ ಇರುತ್ತವೆ. ಉದಾಹರಣೆಗೆ, 'ಮನೆಗೆಲಸದ ಹೆಂಗಸರು' ಎಂದು ಹೆಸರು ಬರೆದ ಪೆಟ್ಟಿಗೆ ಯಾವ ಪತ್ರಾಗಾರದಲ್ಲೂ ಕಾಯುತ್ತಾ ಕೂತಿರುವುದಿಲ್ಲ. ಕೇಳಿಕೊಳ್ಳಬೇಕಾದದ್ದು, ಇವರ ಬಗ್ಗೆ ಯಾರು, ಯಾವ ಕಾರಣಕ್ಕೆ ಬರೆದಿಟ್ಟಿರಬಹುದು ಎಂದು. ಸಂಬಳ ಕೊಟ್ಟ ಯಜಮಾನನ ಲೆಕ್ಕದ ಪುಸ್ತಕ, ಉಯಿಲು, ಜನಗಣತಿಯ ಹಾಳೆ, ಪತ್ರಿಕೆಯ 'ಬೇಕಾಗಿದ್ದಾರೆ' ಜಾಹೀರಾತು, ಕಳವಿನ ಮೊಕದ್ದಮೆ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ಮುದ್ರಿತ ವಿಚಾರಣೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ದಿನಚರಿ ಬರೆಯದ ಜನರ ಮಾತು ಅಲ್ಲಿ ಕೇಳಿಸುತ್ತದೆ. ಆದರೆ ಅದು ಮಾರಾಟಕ್ಕಾಗಿ ಕತ್ತರಿಸಿ ಅಚ್ಚು ಹಾಕಿದ ವರದಿ; ಸಾಕ್ಷಿಯ ಬಾಯಿಂದ ಬಂದದ್ದೆಲ್ಲ ಅದರಲ್ಲಿಲ್ಲ.

ಮೊದಲ ದಿನವೇ ಪತ್ರಾಗಾರಕ್ಕೆ ಓಡಬೇಡಿ. ನಿಮ್ಮ ವಿಷಯದ ಮೇಲೆ ಇತ್ತೀಚೆಗೆ ಬಂದ ಎರಡು ಮೂರು ಗಟ್ಟಿ ಪುಸ್ತಕ ತೆಗೆದುಕೊಂಡು ಹಿಂದಿನಿಂದ ಓದಿ. ಗ್ರಂಥಋಣದಲ್ಲಿ 'ಅಪ್ರಕಟಿತ ಆಕರಗಳು' ಎಂಬ ಭಾಗವಿರುತ್ತದೆ; ಅಡಿಟಿಪ್ಪಣಿಯಲ್ಲಿ ಪತ್ರಾಗಾರದ ಹೆಸರು, ಸರಣಿ (ಒಟ್ಟಿಗೆ ಇಟ್ಟ ಒಂದೇ ಬಗೆಯ ಕಡತಗಳ ಗುಂಪು), ಪೆಟ್ಟಿಗೆ, ಕಡತದ ಸಂಖ್ಯೆ ಇರುತ್ತವೆ. ಅಲ್ಪವಿರಾಮ ಕೂಡ ಬಿಡದೆ ಬರೆದುಕೊಳ್ಳಿ. ಆಮೇಲೆ ಆ ಸಂಗ್ರಹದ ವಿವರಸೂಚಿ, ಅಂದರೆ ಅದರಲ್ಲಿ ಏನೇನಿದೆ ಎಂದು ಪತ್ರಾಗಾರ ಬರೆದಿಟ್ಟ ಕೈಪಿಡಿ, ತೆರೆಯಿರಿ. ಎಲ್ಲರೂ ನೇರ ಪೆಟ್ಟಿಗೆಗಳ ಪಟ್ಟಿಗೆ ಹಾರುತ್ತಾರೆ. ಅದಕ್ಕೂ ಮುಂಚೆ ಬರುವ, ಬೇಸರ ಹುಟ್ಟಿಸುವ 'ಕಚೇರಿಯ ಇತಿಹಾಸ' ಮತ್ತು 'ಜೋಡಣೆಯ ಕ್ರಮ'ದಲ್ಲೇ ಯಾವ ವರ್ಷದ ಕಾಗದ ಯಾವ ಸರಣಿಗೆ ಹೋಯಿತು, ಯಾವುದು ಸುಟ್ಟುಹೋಯಿತು ಎಂಬುದು ಸಿಗುವುದು.

ಗಣಕದಲ್ಲಿ ಹುಡುಕುವಾಗ ಆ ಕಾಲದವರ ಮಾತು ಬಳಸಿ. 1915ರ ಪತ್ರಿಕೆಯಲ್ಲಿ ಮೊದಲನೆಯ ಮಹಾಯುದ್ಧವನ್ನು ಇಂದಿನ ಹೆಸರಿನಿಂದ ಹುಡುಕಿದರೆ ಸಿಗುವುದು ಸೊನ್ನೆಯ ಹತ್ತಿರ. ಎರಡನೆಯದು ಬರುವ ಮುಂಚೆ ಇಂಗ್ಲಿಷಿನವರಿಗೆ ಅದು 'ಗ್ರೇಟ್ ವಾರ್'. ಹಾಗೆಯೇ ಕ್ಷಯಕ್ಕೆ ಹಳೆಯ ಇಂಗ್ಲಿಷಿನಲ್ಲಿ 'ಕನ್ಸಂಪ್ಷನ್'. ಇನ್ನು, ಹಳೆಯ ಪುಟದ ಚಿತ್ರವನ್ನು ಗಣಕ ಅಕ್ಷರಗಳಾಗಿ ಓದುವಾಗ ಮಾಡುವ ತಪ್ಪುಗಳು. ಹದಿನೆಂಟನೆಯ ಶತಮಾನದ ಕೊನೆಯವರೆಗಿನ ಇಂಗ್ಲಿಷ್ ಅಚ್ಚಿನಲ್ಲಿ 'ಎಸ್' ಅಕ್ಷರದ ಉದ್ದ ರೂಪವೊಂದಿತ್ತು, ನೋಡಲು 'ಎಫ್' ತರಹ. ಯಂತ್ರ 'ಬೆಸ್ಟ್' ಅನ್ನು 'ಬೆಫ್ಟ್' ಎಂದು ಓದಿಬಿಡುತ್ತದೆ. ಆ ತಪ್ಪು ರೂಪವನ್ನೂ ಕೊಟ್ಟು ಹುಡುಕಿ. 'ಫಲಿತಾಂಶವಿಲ್ಲ' ಎಂದರೆ ಕಾಗದವಿಲ್ಲ ಎಂದಲ್ಲ. ಅಂತರ್ಜಾಲಕ್ಕೆ ಏರಿರುವುದು ಪತ್ರಾಗಾರಗಳಲ್ಲಿರುವುದರ ಸಣ್ಣ ಪಾಲು ಮಾತ್ರ.

ಸಾಹಿತ್ಯದವರಿಗೆ ಬೇರೆಯೇ ಬಲೆ. 'ಕವಿಯ ಪುಸ್ತಕವೇ ನನ್ನ ಮೂಲ ಆಕರ' ಎನ್ನುತ್ತಾರೆ. ಯಾವ ಪುಸ್ತಕ? ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ತೀರಿಕೊಂಡದ್ದು 1886ರಲ್ಲಿ. 1890ರಲ್ಲಿ ಮೊದಲ ಸಂಕಲನ ತಂದ ಸಂಪಾದಕರು ಕವಿತೆಗಳಿಗೆ ಶೀರ್ಷಿಕೆ ಸೇರಿಸಿದರು, ಪ್ರಾಸ ತಿದ್ದಿದರು, ಆಕೆಯ ಅಡ್ಡಗೆರೆಗಳನ್ನು ಅಳಿಸಿದರು. ಹಸ್ತಪ್ರತಿಗೆ ನಿಷ್ಠವಾದ ಸಮಗ್ರ ಆವೃತ್ತಿಗೆ 1955ರವರೆಗೆ ಕಾಯಬೇಕಾಯಿತು. 1890ರ ಪಾಠ ಹಿಡಿದು ಆಕೆಯ ವಿರಾಮಚಿಹ್ನೆಗಳ ಬಗ್ಗೆ ಪ್ರಬಂಧ ಬರೆದರೆ ಅದು ಸಂಪಾದಕರ ಮೇಲಿನ ಪ್ರಬಂಧ! ಹಕ್ಕುಸ್ವಾಮ್ಯ ಮುಗಿದ ಹಳೆಯ ಆವೃತ್ತಿಗಳೇ ಅಂತರ್ಜಾಲದಲ್ಲಿ ಸುಲಭವಾಗಿ ಕೈಗೆ ಸಿಗುವುದರಿಂದ ಈ ತಪ್ಪು ಹೆಚ್ಚುತ್ತಲೇ ಇದೆ. 1890ರ ಓದುಗರು ಆಕೆಯನ್ನು ಹೇಗೆ ಕಂಡರು ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಮಾತ್ರ ಅದೇ ತಿದ್ದಿದ ಪುಸ್ತಕ ಮೂಲ ಆಕರವಾಗುತ್ತದೆ.

ತಾರೀಖನ್ನೂ ಕಂಡ ಹಾಗೇ ನಂಬಬೇಡಿ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಅಧಿಕೃತ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಅಲ್ಲಿಯ ಕಡತದ '10 ಫೆಬ್ರವರಿ 1700' ನಮ್ಮ ಲೆಕ್ಕದಲ್ಲಿ 1701 ಆಗಿರಬಹುದು. ಉತ್ತರಕ್ಕಿಂತ ಪ್ರಶ್ನೆಯ ಪತ್ರ ತಡವಾಗಿ ಬರೆದಂತೆ ಕಂಡರೆ ಮೊದಲು ಇದನ್ನು ನೋಡಿ.

ಹೋಗುವುದಕ್ಕೆ ಮೂರು ನಾಲ್ಕು ವಾರ ಮೊದಲೇ ಪತ್ರಾಗಾರಕ್ಕೆ ಬರೆಯಿರಿ. ನಿಮ್ಮ ಪ್ರಶ್ನೆ, ವರ್ಷಗಳು, ಈಗಾಗಲೇ ಸಿಕ್ಕ ಸರಣಿ ಸಂಖ್ಯೆಗಳು, ಅಷ್ಟು ಸಾಕು. ಪೆಟ್ಟಿಗೆಗಳು ಬೇರೆ ಕಟ್ಟಡದಲ್ಲಿರಬಹುದು, ಕೆಲವು ಕಡತಗಳಿಗೆ ನಿರ್ಬಂಧವಿರಬಹುದು. 'ಈ ವಿಷಯದ ಮೇಲೆ ಏನೇನಿದೆ?' ಎಂದು ಕೇಳಿದವರಿಗೆ ಜಾಲತಾಣದ ಕೊಂಡಿ ಬರುತ್ತದೆ. ಸಂಖ್ಯೆ ಹಿಡಿದು ಕೇಳಿದವರಿಗೆ, ಸೂಚಿಯಲ್ಲೇ ಇಲ್ಲದ ಪೆಟ್ಟಿಗೆಯ ಸುಳಿವೂ ಸಿಗುವುದುಂಟು.

ಫೋಟೊಗೆ ಅನುಮತಿ ಸಿಕ್ಕರೆ ಮೊದಲ ಚಿತ್ರ ಪೆಟ್ಟಿಗೆಯ ಚೀಟಿಯದು, ಎರಡನೆಯದು ಕಡತದ ಹೊದಿಕೆಯದು, ಆಮೇಲೆ ಹಾಳೆ. ಖಾಲಿ ಎನಿಸಿದರೂ ಪ್ರತಿ ಹಾಳೆಯ ಬೆನ್ನನ್ನೂ ತೆಗೆಯಿರಿ: ಪತ್ರ ಬಂದ ದಿನ, ಯಾರ ಮೇಜಿಗೆ ಹೋಯಿತು ಎಂಬ ಷರಾ ಬಹಳ ಸಲ ಅಲ್ಲೇ ಇರುತ್ತದೆ. ಪ್ರಕಟಿಸುವ ಅನುಮತಿ ಬೇರೆ ವಿಷಯ. ಪತ್ರದ ಕಾಗದ ಪತ್ರಾಗಾರದ್ದಾದರೂ ಅದರಲ್ಲಿನ ಮಾತಿನ ಹಕ್ಕು ಸಾಮಾನ್ಯವಾಗಿ ಬರೆದವರದು ಅಥವಾ ಅವರ ವಾರಸುದಾರರದು.