ಹುಬ್ಬಳ್ಳಿಯಿಂದ ನೇತ್ರಾಣಿಗೆ: ಈಜು ಬಾರದವರ ಸ್ನಾರ್ಕೆಲಿಂಗ್

ನಮ್ಮ ಮನೆಯಲ್ಲಿ ಈಜು ಬರುವುದು ಯಜಮಾನರಿಗೆ ಮಾತ್ರ. ಅದೂ ರಾಣೆಬೆನ್ನೂರು ಹತ್ತಿರದ ತಮ್ಮೂರಿನ ಬಾವಿಯಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಕಲಿತದ್ದು. ನಾನು, ಎಂಟನೇ ಇಯತ್ತೆಯ ಮಗಳು, ನಾದಿನಿ, ಮೂವರೂ ಉಣಕಲ್ ಕೆರೆಯ ದಂಡೆಯ ಮೇಲೆ ನಿಂತು ಗಾಳಿ ತಗೊಂಡವರೇ ಹೊರತು ನೀರಿಗಿಳಿದವರಲ್ಲ. ಇಂಥ ನಾವು ಸಂಕ್ರಾಂತಿ ಮುಗಿದ ವಾರ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬದಿಗೆ ಮುಕ್ಕಾಲು ತಾಸು ಸಮುದ್ರದಲ್ಲಿ ಮುಖ ಮುಳುಗಿಸಿ ಮೀನು ನೋಡಿ ಬಂದೆವು. ಬಂದಾಗಿನಿಂದ ವಿದ್ಯಾನಗರದ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಈಜು ಬರಲಾರ್ದ ಹೆಂಗ ಇಳದ್ರಿ?"

ಇಳಿಯಬಹುದು. ಲೈಫ್ ಜಾಕೆಟ್ ನಿಮ್ಮನ್ನು ತೇಲಿಸುತ್ತದೆ, ಗೈಡ್ ಎಳೆದುಕೊಂಡು ಹೋಗುತ್ತಾನೆ. ನಿಮ್ಮ ಪಾಲಿಗೆ ಉಳಿಯುವ ಕೆಲಸ ಒಂದೇ, ಮೂಗು ಮರೆತು ಬಾಯಿಂದ ಸಾವಕಾಶ ಉಸಿರಾಡುವುದು. ಅಲ್ಲಿ ನೀರಿಗಿಳಿದು ಗಾಬರಿಯಾಗಿ ಐದೇ ನಿಮಿಷಕ್ಕೆ ದೋಣಿ ಹತ್ತಿದವರನ್ನು ಕಣ್ಣಾರೆ ಕಂಡೆ. ಅವರಲ್ಲಿ ಒಬ್ಬರಿಗೆ ಈಜು ಚೆನ್ನಾಗಿ ಬರುತ್ತಿತ್ತು. ಉಸಿರಿನ ರೂಢಿ ಇರಲಿಲ್ಲ, ಅಷ್ಟೇ. ಆ ರೂಢಿಯನ್ನು ಹುಬ್ಬಳ್ಳಿಯ ಬಚ್ಚಲುಮನೆಯಲ್ಲೇ ಮಾಡಿಕೊಂಡು ಹೋಗಬಹುದು. ಈ ಬರಹದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ನಾವು ಮಾಡಿದ್ದು ಹೀಗೆ. ಹೊರಡುವ ಹತ್ತು ದಿನ ಮೊದಲು ಕಣ್ಣು-ಮೂಗು ಮುಚ್ಚುವ ಗಾಜಿನ ಮಾಸ್ಕ್ ಎರಡು, ನೀರಿನ ಮೇಲಿನ ಗಾಳಿಯನ್ನು ಬಾಯಿಗೆ ತರುವ ಸ್ನಾರ್ಕೆಲ್ ಕೊಳವೆ ಎರಡು ಕೊಂಡೆವು. ಬಾಡಿಗೆಗೆ ಅಲ್ಲೇ ಸಿಗುತ್ತವೆ, ಆದರೆ ಮುಖಕ್ಕೆ ಸರಿಯಾಗಿ ಕೂಡುವ ಮಾಸ್ಕ್ ನಿಮ್ಮ ಕೈಗೇ ಬರುತ್ತದೆಂಬ ಖಾತ್ರಿ ಇಲ್ಲ. ಕೊಳ್ಳುವಾಗ ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಅಂಟಿಕೊಂಡು ನಿಂತರೆ ಅದು ನಿಮ್ಮದು. ಬಿದ್ದರೆ ಬೇರೆ ನೋಡಿ. ಆಮೇಲೆ ದೊಡ್ಡ ಬಕೆಟ್ ತುಂಬ ನೀರು ಇಟ್ಟುಕೊಂಡು, ಮಾಸ್ಕ್ ಹಾಕಿ, ಕೊಳವೆ ಕಚ್ಚಿ, ಮುಖ ಮುಳುಗಿಸಿ ದಿನಾ ಸಂಜೆ ಉಸಿರಾಟ. ಮೊದಲ ದಿನ ನನಗೆ ಹತ್ತು ಎಣಿಸುವುದರೊಳಗೆ ಎದೆ ಡವಡವ. ಮೂಗು ಮುಚ್ಚಿದೆ, ಮುಖದ ಸುತ್ತ ನೀರಿದೆ ಎಂದ ಕೂಡಲೇ ಮನಸ್ಸು ಉಸಿರು ಕಟ್ಟಿತೆಂದೇ ನಂಬುತ್ತದೆ. ನಾಲ್ಕನೇ ದಿನಕ್ಕೆ ಐದು ನಿಮಿಷ ದಾಟಿತು. ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ಉದ್ದ ಮಾಡಿ, ಎಲ್ಲ ಹಗುರಾಗುತ್ತದೆ. ಕೊಳವೆಗೆ ನೀರು ಬಂದರೆ "ಥೂ" ಎಂದು ಜೋರಾಗಿ ಊದಿ ಹೊರಹಾಕುವುದನ್ನೂ ಬಕೆಟ್ಟಿನಲ್ಲೇ ಕಲಿಯಿರಿ. ಸಮುದ್ರದಲ್ಲಿ ಇದು ಹತ್ತು ಸಲವಾದರೂ ಬೇಕಾಗುತ್ತದೆ.

ಮೀಸೆಯವರಿಗೆ ಒಂದು ಮಾತು. ಮಾಸ್ಕಿನ ಅಂಚು ಮೂಗಿನ ಕೆಳಗೆ ಚರ್ಮಕ್ಕೆ ಅಂಟಬೇಕು, ಮೀಸೆ ದಟ್ಟವಾಗಿದ್ದರೆ ಅಲ್ಲಿಂದಲೇ ನೀರು ನುಸುಳುತ್ತದೆ. ನಮ್ಮ ಯಜಮಾನರು ಮೀಸೆ ತೆಗೆಯಲು ಒಪ್ಪಲಿಲ್ಲ. ಮೇಲಿನ ಅಂಚನ್ನು ಚೂರು ಕತ್ತರಿಸಿ ವ್ಯಾಸಲೀನ್ ಹಚ್ಚಿಕೊಂಡರು, ಬಹಳಮಟ್ಟಿಗೆ ನಡೆಯಿತು. ಚಷ್ಮಾದವರು ಮಾಸ್ಕಿನೊಳಗೆ ಚಷ್ಮಾ ಹಾಕಲು ಬರುವುದಿಲ್ಲ. ಆದರೆ ನೀರಿನಲ್ಲಿ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುವುದರಿಂದ ಸಣ್ಣ ನಂಬರಿನವರಿಗೆ ತೊಂದರೆಯಾಗದು. ನಾದಿನಿಯ ನಂಬರು ಒಂದೂವರೆ, ಎಲ್ಲ ಕಂಡಳು.

ಇನ್ನು ದಾರಿ. ಹುಬ್ಬಳ್ಳಿಯಿಂದ ಮುರ್ಡೇಶ್ವರ 200 ಕಿ.ಮೀ.ಗೆ ತುಸು ಹೆಚ್ಚು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾದ ಬಾಳೆಗುಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 52. ಅಲ್ಲಿಂದ ಎಡಕ್ಕೆ ಹೆದ್ದಾರಿ 66 ಹಿಡಿದು ಕುಮಟಾ, ಹೊನ್ನಾವರ, ಮಂಕಿ. ಊಟ, ಚಹಾ ಸೇರಿ ಐದೂವರೆ ತಾಸು ಹಿಡಿಯಿತು. ಗದಗಿನವರು ಇನ್ನೂ 60 ಕಿ.ಮೀ. ಕೂಡಿಸಿಕೊಳ್ಳಿ. ಹಾವೇರಿಯವರಿಗೆ ಹಾನಗಲ್ ಮೇಲೆ ಶಿರಸಿ, ದೇವಿಮನೆ ಘಟ್ಟ, ಕುಮಟಾ ಸಮೀಪ. ಹೊರಡುವ ಮೊದಲು ಆ ಘಟ್ಟ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಹುಬ್ಬಳ್ಳಿ-ಅಂಕೋಲಾ ರೈಲು ದಶಕಗಳಿಂದ ಕಾಗದದ ಮೇಲೇ ಉಳಿದಿದೆ. ಹಾಗಾಗಿ ಸದ್ಯಕ್ಕೆ ಬಸ್ಸು ಅಥವಾ ಸ್ವಂತ ಗಾಡಿ.

ಅಂಕೋಲಾ ದಾಟಿದ ಮೇಲೆ ಗಂಗಾವಳಿ ಸೇತುವೆಯ ಹತ್ತಿರ ಗಾಡಿ ನಿಧಾನ ಮಾಡಿ ಮಗಳಿಗೆ ತೋರಿಸಿದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಶಾಲ್ಮಲೆ ಎಂದು ಹುಟ್ಟುವ ಹೊಳೆಯೇ ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಇಲ್ಲಿ ಗಂಗಾವಳಿ ಎಂಬ ಹೆಸರಿನಿಂದ ಕಡಲು ಸೇರುತ್ತದೆ. ನಮ್ಮೂರಿನ ಮಳೆನೀರಿಗೂ ಈ ಪ್ರವಾಸಕ್ಕೂ ನೇರ ಸಂಬಂಧ ಇದೆ. ಗಂಗಾವಳಿ, ಅಘನಾಶಿನಿ, ಶರಾವತಿ ಮೂರೂ ಮಳೆಗಾಲದಲ್ಲಿ ಘಟ್ಟದ ಮಣ್ಣನ್ನೆಲ್ಲ ತಂದು ಕಡಲಿಗೆ ಸುರಿಯುತ್ತವೆ, ದಂಡೆಯ ನೀರು ಕೆಂಪಾಗುತ್ತದೆ. ಆಗ ಸಮುದ್ರವೂ ಒರಟು, ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಅಕ್ಟೋಬರಿನಿಂದ ಮೇ ತನಕ ಹೋಗಬಹುದಾದರೂ ನೀರು ತಿಳಿಯಾಗಿ, ಅಲೆ ತಗ್ಗಿ ಇರುವುದು ಡಿಸೆಂಬರಿನಿಂದ ಫೆಬ್ರವರಿ. ಕ್ರಿಸ್‌ಮಸ್ ರಜೆಯ ವಾರ ಮತ್ತು ಶಿವರಾತ್ರಿ ಬಿಡಿ, ಮುರ್ಡೇಶ್ವರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಹಿಂದಿನ ದಿನ ಮಧ್ಯಾಹ್ನವೇ ಮುಟ್ಟಿಬಿಡಿ. ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದು ಬೆಳಿಗ್ಗೆ ಏಳಕ್ಕೆ ದೋಣಿ ಹತ್ತುತ್ತೇವೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುವೆ. ನಿದ್ದೆಗೆಟ್ಟ ಹೊಟ್ಟೆಗೆ ಸಮುದ್ರ ತಾಳುವುದಿಲ್ಲ. ಸಂಜೆ 123 ಅಡಿಯ ಶಿವನನ್ನು ನೋಡಿ, ಗೋಪುರದ ಲಿಫ್ಟ್ ಹತ್ತಿ, ಬೇಗ ಉಂಡು ಮಲಗಿದೆವು. ದಂಡೆಯಲ್ಲಿ ಕಂಡಕಂಡಲ್ಲಿ ನೀರಿಗಿಳಿಯಬೇಡಿ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಇದೇ ದಂಡೆಯಲ್ಲಿ ಪ್ರಾಣ ಕಳೆದುಕೊಂಡರು. ಮಗಳ ವಯಸ್ಸಿನವರು. ಅವಳ ಕೈ ಹಿಡಿದು ಅಲ್ಲಿ ನಿಂತಾಗ ಅದನ್ನು ನೆನೆಯದೆ ಇರಲಾಗಲಿಲ್ಲ.

ಬುಕಿಂಗ್ ಬಗ್ಗೆ. ದಂಡೆಯಲ್ಲಿ ಒಬ್ಬ ಮಧ್ಯವರ್ತಿ ಕಡಿಮೆ ದರ ಹೇಳಿ, ಅವಸರ ಮಾಡಿ, ಮುಂಗಡ ಕೇಳಿದ. ಲೈಫ್ ಜಾಕೆಟ್ ತೋರಿಸು ಎಂದೆ. ತಂದ ಎರಡರಲ್ಲಿ ಒಂದರ ಬಕಲ್ ಮುರಿದಿತ್ತು. ಅಲ್ಲಿಗೆ ಮಾತು ಮುಗಿಸಿದೆವು. ಫೋನಿನಲ್ಲೇ ಮೊದಲು ಮಾತಾಡಿದ್ದ ಬೇರೆಯವರ ಹತ್ತಿರ ಹೋದಾಗ ಅವರು ಗುರುತಿನ ಚೀಟಿ ಕೇಳಿದರು, ಆರೋಗ್ಯದ ಫಾರ್ಮ್ ತುಂಬಿಸಿದರು, ಅಸ್ತಮಾ, ಹೃದಯ, ಫಿಟ್ಸ್, ಬಸಿರು ಒಂದೊಂದನ್ನೂ ಕೇಳಿದರು. ಇಷ್ಟು ಕೇಳುವವರನ್ನೇ ನಂಬಿ, ಮತ್ತು ಸುಳ್ಳು ಬರೆಯಬೇಡಿ. ಒಬ್ಬರಿಗೆ ಎರಡು ಸಾವಿರದ ಮೇಲಾಯಿತು. ಒಬ್ಬ ಗೈಡ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾನೆ ಎಂದು ಕೇಳಿ. ನಮ್ಮ ನಾಲ್ವರಿಗೆ ಇಬ್ಬರಿದ್ದರು.

ಬೆಳಿಗ್ಗೆ ತಿಂಡಿ ಎರಡು ಇಡ್ಲಿ, ಸಾಕು. ಪೂರಿ, ಮಿರ್ಚಿ, ಗಿರಮಿಟ್ಟಿನ ಆಸೆ ಸಂಜೆಗೆ ಇಟ್ಟುಕೊಳ್ಳಿ. ಬರೀ ಹೊಟ್ಟೆಯಲ್ಲಿ ಹೋದರೂ ವಾಂತಿ ತಪ್ಪದು. ಪ್ರಯಾಣದ ವಾಂತಿಗೆ ಕೊಡುವ ಗುಳಿಗೆಯನ್ನು ನಿಮ್ಮ ಡಾಕ್ಟರರನ್ನು ಕೇಳಿ ತಂದುಕೊಂಡು, ದೋಣಿ ಹತ್ತುವ ಒಂದು ತಾಸು ಮೊದಲೇ ನುಂಗಿ. ವಾಕರಿಕೆ ಶುರುವಾದ ಮೇಲೆ ನುಂಗಿದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ನಾದಿನಿ "ನನಗೇನ್ ಆಗಂಗಿಲ್ಲ ತಗೋ" ಎಂದು ಬಿಟ್ಟಳು. ಹೋಗುವ ಅರ್ಧ ದಾರಿ ದೋಣಿಯ ಅಂಚಿಗೇ ಬಾಗಿದ್ದಳು. ದೋಣಿಯ ಹಿಂಬದಿಗೆ ಕೂತು, ಮೊಬೈಲ್ ಒಳಗಿಟ್ಟು, ದೂರದ ಆಕಾಶ-ನೀರು ಕೂಡುವ ಗೆರೆಯನ್ನೇ ನೋಡುತ್ತಿದ್ದರೆ ತಡೆದುಕೊಳ್ಳಬಹುದು.

ಹೆಂಗಸರು ಏನು ಹಾಕಿಕೊಳ್ಳಬೇಕು ಎಂಬುದು ನನ್ನನ್ನು ಅತಿ ಹೆಚ್ಚು ಜನ ಪಿಸುಮಾತಿನಲ್ಲಿ ಕೇಳಿದ ಪ್ರಶ್ನೆ. ಲೆಗಿಂಗ್ಸ್, ಮೇಲೆ ತುಂಬುತೋಳಿನ ಮೈಗಂಟುವ ಟಿ-ಶರ್ಟ್. ದೋಣಿಯಲ್ಲಿದ್ದ ಎಂಟು ಹೆಂಗಸರಲ್ಲಿ ಆರು ಮಂದಿ ಹೀಗೇ ಇದ್ದೆವು, ಯಾರೂ ತಿರುಗಿ ನೋಡಲಿಲ್ಲ. ಸೀರೆ, ದುಪಟ್ಟಾ, ಸಡಿಲ ಕುರ್ತಾ ನೀರಿನಲ್ಲಿ ಕೈಕಾಲಿಗೆ ಸುತ್ತಿಕೊಳ್ಳುತ್ತವೆ, ಅಪಾಯ. ಜಡೆ ಬಿಗಿಯಾಗಿ ಹೆಣೆದು ಇಳಿಬಿಡಿ, ತುರುಬು ಕಟ್ಟಿದರೆ ಮಾಸ್ಕಿನ ಪಟ್ಟಿ ಕೂಡುವುದಿಲ್ಲ. ಹಣೆಯ ಮೇಲಿನ ಒಂದೆಳೆ ಕೂದಲು ಮಾಸ್ಕಿನೊಳಗೆ ಸಿಕ್ಕರೂ ನೀರು ಒಸರುತ್ತದೆ. ತಾಳಿ, ಕಾಲ್ಗೆಜ್ಜೆ, ಜುಮಕಿ ಲಾಡ್ಜಿನ ಕಪಾಟಿನಲ್ಲಿರಲಿ. ತುಂಬುತೋಳಿಗೆ ಇನ್ನೊಂದು ಕಾರಣವೂ ಇದೆ: ಮುಕ್ಕಾಲು ತಾಸು ಬೆನ್ನು ಬಿಸಿಲಿಗೆ ಒಡ್ಡಿ ಮಲಗಿರುತ್ತೀರಿ, ತಣ್ಣೀರಿನಲ್ಲಿ ಸುಟ್ಟದ್ದು ತಿಳಿಯುವುದಿಲ್ಲ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ರಾಸಾಯನಿಕ ಹವಳಕ್ಕೆ ವಿಷ, ಬಟ್ಟೆಯಿಂದ ಆ ಕಾಟವೂ ಇಲ್ಲ.

ಮುರ್ಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿ.ಮೀ., ಒಂದೂಕಾಲು ತಾಸಿನ ಹಾದಿ. ಬೆಳಿಗ್ಗೆಯೇ ಹೊರಡುವುದು ಮಧ್ಯಾಹ್ನದ ಗಾಳಿ ಏಳುವ ಮೊದಲು ಮರಳಲಿಕ್ಕೆ. ದಂಡೆಯ ಶಿವ ಬೆರಳಿನಷ್ಟಾಗಿ, ಆಮೇಲೆ ಇಲ್ಲವಾಗಿ, ಮುಂದೆ ಕಡಿದಾದ ಬಂಡೆಯ ಮೇಲೆ ಹಸಿರು ಹೊತ್ತ ದ್ವೀಪ ಎದ್ದು ನಿಂತಿತು. ಮೇಲಿನಿಂದ ನೋಡಿದರೆ ಇದು ಹೃದಯದ ಆಕಾರ. ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತಿತ್ತು. ದ್ವೀಪದ ಮೇಲೆ ನಮ್ಮನ್ನು ಇಳಿಸಲಿಲ್ಲ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದೆ ಎಂದು ಗೈಡ್ ಹೇಳಿದಾಗ, ನೀರಿನ ಕೆಳಗಿನದನ್ನು ನೋಡಿ ಬಂದ ಮೇಲಂತೂ, ನನಗೆ ಬಹಳ ನೋವಾಯಿತು.

ದೋಣಿಯ ಏಣಿಯ ಕೊನೆಯ ಮೆಟ್ಟಿಲಲ್ಲಿ ಕೈ ಬಿಡಲಾಗದೆ ನಿಂತೆ. "ಹೆದ್ರಬೇಡಿ ಅಕ್ಕ, ಮೊದ್ಲು ಮುಖ ಮಾತ್ರ ಇಡಿ, ಕೈ ನನ್ನತ್ರ ಇರ್ಲಿ" ಎಂದ ಗೈಡ್ ಹುಡುಗ. ಮುಖ ಇಟ್ಟೆ. ಬಕೆಟ್ಟಿನ ಉಸಿರು ತಾನಾಗಿಯೇ ಬಂತು. ಮರುಕ್ಷಣ ಕೆಳಗೆ ಅಷ್ಟು ಆಳ ಕಂಡು ಜೀವ ಝಲ್ಲೆಂದಿತು, ಎತ್ತರದ ಮಾಳಿಗೆಯ ಅಂಚಿನಿಂದ ಬಗ್ಗಿ ನೋಡಿದ ಹಾಗೆ. ಆದರೆ ಬೀಳುತ್ತಿಲ್ಲ. ನೀರು ಹೊತ್ತುಕೊಂಡಿದೆ. ಅದು ಮೈಗೆ ಅರ್ಥವಾಗಲು ಎರಡು ನಿಮಿಷ ಬೇಕು, ಆ ಎರಡು ನಿಮಿಷ ಮಾತ್ರ ಬಿಟ್ಟು ಓಡಬೇಡಿ.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಹಳದಿ ಮೈಗೆ ಕರಿಪಟ್ಟೆಯ ಸಣ್ಣ ಮೀನುಗಳ ಹಿಂಡು ನನ್ನ ಕೈಯ ಸುತ್ತಲೇ ಹಾದುಹೋಯಿತು. ಚಿಟ್ಟೆಮೀನು ಜೋಡಿಜೋಡಿಯಾಗಿ. ನೀಲಿ-ಹಸಿರು ಗಿಳಿಮೀನು ಬಂಡೆಯನ್ನು ಕಚ್ಚುವ ಕಟಕಟ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು, ನಮ್ಮ ಮನೆಯಲ್ಲಿ ಕಟಕ ರೊಟ್ಟಿ ಮುರಿದ ಹಾಗೆ. ಬಂಡೆಯ ಸಂದಿಯಿಂದ ಹಾವಿನಂಥ ಮೊರೆ ಈಲ್ ತಲೆ ಹೊರಗಿಟ್ಟು ಬಾಯಿ ತೆರೆದು ಮುಚ್ಚುತ್ತಿತ್ತು. ಅದು ಉಸಿರಾಡುವ ರೀತಿ, ನಮ್ಮ ಮೇಲಿನ ಸಿಟ್ಟಲ್ಲ ಎಂದು ಗೈಡ್ ಆಮೇಲೆ ತಿಳಿಸಿದ. ಮಗಳು ಆಮೆ ಕಂಡಳು. ನನಗೆ ಅದರ ಬೆನ್ನಷ್ಟೇ ಸಿಕ್ಕಿತು. ಹವಳ ಕಲ್ಲಿನಂತೆ ಕಂಡರೂ ಸಾವಿರಾರು ಸಣ್ಣ ಜೀವಿಗಳು ಕಟ್ಟಿಕೊಂಡ ಮನೆ. ಅದರೊಳಗಿನ ಪಾಚಿಯೇ ಅದಕ್ಕೆ ಬಣ್ಣ, ಅನ್ನ ಎರಡೂ. ನೀರು ಅತಿ ಬಿಸಿಯಾದರೆ ಪಾಚಿ ಬಿಟ್ಟುಹೋಗಿ ಹವಳ ಬೆಳ್ಳಗಾಗುತ್ತದೆ. ಆದ್ದರಿಂದ ಅದರ ಮೇಲೆ ಕಾಲಿಡಬೇಡಿ, ಮುಟ್ಟಬೇಡಿ, ಚೂರು ಮುರಿದು ಊರಿಗೆ ತರುವ ಯೋಚನೆಯಂತೂ ಬೇಡವೇ ಬೇಡ. ಮೀನಿಗೆ ಬ್ರೆಡ್ಡು, ಚುರಮುರಿ ಹಾಕುವುದೂ ಬೇಡ.

ಸನ್ನೆ ಮೊದಲೇ ಕಲಿಯಿರಿ. ಹೆಬ್ಬೆರಳು ಎತ್ತಿದರೆ ನಮಗೆ "ಭೇಷ್". ಗೈಡ್‌ಗಳಿಗೆ "ಮೇಲೆ ಹೋಗಬೇಕು". ಯಜಮಾನರು ಖುಷಿಯಲ್ಲಿ ಹೆಬ್ಬೆರಳು ತೋರಿಸಿದ ಕೂಡಲೇ ಗೈಡ್ ಅವರನ್ನು ದೋಣಿಗೆ ಎಳೆದುಕೊಂಡು ಹೋದ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು-ತೋರುಬೆರಳು ಕೂಡಿಸಿ ಸೊನ್ನೆ ಮಾಡಿ.

ನೀರಿನಿಂದ ಮೇಲೆ ಬಂದಾಗ ಹಸಿವು ಹೇಳತೀರದು, ಚಳಿಯೂ. ಒಣ ಟವೆಲ್, ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಧಾರವಾಡ ಪೇಡೆ ಒಯ್ದಿದ್ದೆ. ಪೇಡೆ ಗೈಡ್ ಹುಡುಗರಿಗೂ ಹಂಚಿದೆವು. ಉಪ್ಪುನೀರಿನ ಬಾಯಿಗೆ ಅಷ್ಟು ರುಚಿಯಾದ ಪೇಡೆ ನಾನು ಧಾರವಾಡದಲ್ಲೂ ತಿಂದಿಲ್ಲ.

ಸ್ಕೂಬಾ ಮಾಡುವವರಿಗೆ ಒಂದು ಎಚ್ಚರಿಕೆ. ಸಿಲಿಂಡರ್ ಗಾಳಿ ಉಸಿರಾಡಿ ಆಳಕ್ಕೆ ಇಳಿದವರ ರಕ್ತದಲ್ಲಿ ಹೆಚ್ಚಿನ ನೈಟ್ರೋಜನ್ ಕರಗಿರುತ್ತದೆ, ಅದು ಹೊರಹೋಗಲು ಸಮಯ ಬೇಕು, ಅದಕ್ಕೆ ಮೊದಲೇ ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಮೈಯೊಳಗೆ ಗುಳ್ಳೆಗಳಾಗಬಹುದು. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಮಧ್ಯಾಹ್ನ ಸ್ಕೂಬಾ ಮುಗಿಸಿ ಸಂಜೆಯೇ ಘಟ್ಟ ಹತ್ತಬೇಡಿ, ಆ ರಾತ್ರಿ ಕೆಳಗೇ ಉಳಿಯಿರಿ. ನೀರಿನ ಮೇಲೆಯೇ ತೇಲುವ ಸ್ನಾರ್ಕೆಲಿಂಗಿಗೆ ಈ ತೊಡಕಿಲ್ಲ. ನಾವು ಮೂರಕ್ಕೆ ಹೊರಟು, ಬೆಳಕಿರುವಾಗಲೇ ಅರಬೈಲ್ ಹತ್ತಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಒಂಬತ್ತಕ್ಕೆ ಮನೆ ಸೇರಿದೆವು. ಮಾಸ್ಕನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಇಲ್ಲದಿದ್ದರೆ ಉಪ್ಪು ರಬ್ಬರನ್ನು ಹಾಳು ಮಾಡುತ್ತದೆ.

ಆ ಮಾಸ್ಕುಗಳು ಈಗ ಎದುರುಮನೆಯವರ ಬಚ್ಚಲಿನಲ್ಲಿವೆ. ಶಿವರಾತ್ರಿ ಗದ್ದಲ ಮುಗಿದ ಮರುವಾರವೇ ಅವರೂ ಹೊರಡುತ್ತಾರೆ. ನಿನ್ನೆ ಸಂಜೆ ಅವರ ಕಿರಿಯ ಮಗ ಕಿಟಕಿಯಿಂದ ಕೂಗಿ ಹೇಳಿದ: "ಕಾಕೂ, ಇವತ್ತ ಅವ್ವ ಮೂರ್ ನಿಮಿಷ ಮಾಡ್ಯಾಳ!"