ಓಡ್ತಾ ಇದೆಯಲ್ಲ ಮೇಡಂ!

ಮೊನ್ನೆ ಮೆಕ್ಯಾನಿಕ್ ಬಂದಿದ್ದ. ಕಳೆ ತೆಗೆಯುವ ವೀಡರ್ ಯಂತ್ರದ ಹಗ್ಗ ಎಳೆದ. ಒಂದೇ ಎಳೆತಕ್ಕೆ ಎಂಜಿನ್ ಶುರುವಾಯಿತು. ನನ್ನ ಕಡೆ ತಿರುಗಿ, "ಓಡ್ತಾ ಇದೆಯಲ್ಲ ಮೇಡಂ!" ಅಂದ. ಸುಮ್ನೆ ಕರೆಸಿದಿರಲ್ಲ ಅನ್ನೋ ಧಾಟಿ.

ಓಡುವುದಿಲ್ಲ ಅಂತ ನಾನು ಹೇಳಿದ್ದರೆ ತಾನೇ? ಫೋನಿನಲ್ಲೇ ಬಿಡಿಸಿ ಹೇಳಿದ್ದೆ. ಶುರುವಾಗುತ್ತದೆ, ನಿಲ್ಲಿಸಿಟ್ಟಲ್ಲೇ ಬಿಟ್ಟರೆ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ, ಮಣ್ಣಿಗೆ ಇಳಿಸಿ ಕ್ಲಚ್ ಹಿಡಿದ ಕೂಡಲೇ ದನಿ ಗೊಗ್ಗರಾಗಿ, ಕೆಮ್ಮಿ, ನಿಂತುಬಿಡುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್ ಇಟ್ಟುಕೊಂಡವರಿಗೆ ಗೊತ್ತಿರುವ ಕಾಯಿಲೆಯೇ ಇದು. ವೀಡರ್ ಆಗಲಿ, ನೀರಿನ ಪಂಪ್ ಆಗಲಿ, ಜನರೇಟರ್ ಆಗಲಿ, ಲೋಡ್ ಬಿದ್ದಾಗ ಮಾತ್ರ ಕೈಕೊಡುತ್ತದೆ.

"ಮಣ್ಣಿಗೆ ಇಳಿಸಿ ನೋಡಿ" ಅಂದೆ. ಆತ ತನ್ನ ಕಾಲು ನೋಡಿಕೊಂಡ. ಬಿಳಿ ಶೂ. ನೆಲ ಇನ್ನೂ ಹಸಿ ಇತ್ತು. "ಅದೇನೂ ಬೇಡ, ಇಲ್ಲೇ ರೇಸ್ ಕೊಟ್ಟು ತೋರಿಸ್ತೀನಿ" ಅಂತ ಲಿವರ್ ಪೂರ್ತಿ ಎಳೆದ. ಎಂಜಿನ್ ಜೋರಾಗಿ ಕೂಗಿತು. ಮತ್ತೆ ಅದೇ ನಗು, ಅದೇ ಮಾತು. ಆಮೇಲೆ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿದ, ಹೊಸದು ಹಾಕಿದ. ಸ್ಲೋ ಸ್ಪೀಡ್ ಸ್ಕ್ರೂ ಒಂದಿಷ್ಟು ತಿರುಗಿಸಿದ. ಹೋಗುವಾಗ ಕೇಳಿದ, "ಮನೇಲಿ ಗಂಡಸರು ಯಾರಾದ್ರೂ ಓಡಿಸಿ ನೋಡಿದ್ರಾ?"

ನಾನು ಉತ್ತರ ಕೊಡಲಿಲ್ಲ. ಕೊಡಬೇಕಾಗಿದ್ದ ಉತ್ತರಗಳೆಲ್ಲ ಆತ ಗೇಟು ದಾಟಿದ ಮೇಲೆ ಬಂದವು. ಅದು ಯಾವಾಗಲೂ ಹಾಗೇ ಅಲ್ವಾ?

ಆತ ಕೆಟ್ಟವನೇನಲ್ಲ. ಕೈ ಚುರುಕು. ಆದರೆ ನೋಡುವ ಅಭ್ಯಾಸ ಇಲ್ಲ. ಬಿಚ್ಚಿದ ಹಳೆ ಪ್ಲಗ್‌ನ ತುದಿಯನ್ನು ಒಂದು ಸಲ ನೋಡಿದ್ದರೂ ಸಾಕಿತ್ತು. ಬಿಸಾಕಿ ಹೋಗಿದ್ದನ್ನು ನಾನು ಹೆಕ್ಕಿಕೊಂಡೆ. ಪಿಂಗಾಣಿ ಬೆಳ್ಳಗೆ, ಸುಣ್ಣ ಬಳಿದ ಹಾಗೆ ಒಣಗಿತ್ತು. ಪೆಟ್ರೋಲ್ ಜಾಸ್ತಿಯಾಗಿದ್ದರೆ, ಏರ್ ಫಿಲ್ಟರ್ ಕಟ್ಟಿದ್ದರೆ, ಅಲ್ಲಿ ಕಪ್ಪು ಮಸಿ ಇರಬೇಕಿತ್ತು. ಎಲ್ಲ ಸರಿ ಇದ್ದರೆ ತಿಳಿ ಕಂದು. ಹೀಗೆ ಬಿಳಿಚಿಕೊಂಡಿದೆ ಅಂದರೆ ಒಳಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಇನ್ನೊಂದು ಸುಳಿವು ಕೊಟ್ಟವರು ಅತ್ತಿಗೆ. ಅವರಿಗೆ ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಇಲ್ಲ. ಬಟ್ಟೆ ಒಣಗಿಸುತ್ತಾ ನಿಂತವರು, "ಆ ಕರಿ ಕಡ್ಡಿ ತಳ್ಳೋ ತನಕ ಚೆನ್ನಾಗೇ ಹೋಗ್ತಿತ್ತಲ್ಲೇ, ತಳ್ಳಿದ ಮೇಲೇ ನಿಲ್ತಾ ಇರೋದು" ಅಂದರು. ಕರಿ ಕಡ್ಡಿ ಅಂದರೆ ಚೋಕ್. ನಾನು ಮತ್ತೆ ಶುರು ಮಾಡಿ, ಚೋಕ್ ಅರ್ಧ ಹಾಕಿಟ್ಟುಕೊಂಡೇ ಮಣ್ಣಿಗೆ ಇಳಿಸಿದೆ. ವೀಡರ್ ಗೊಣಗುತ್ತಾ ಮುಂದೆ ಹೋಯಿತು! ಚೋಕ್ ಪೂರ್ತಿ ತೆಗೆದೆ. ನಿಂತಿತು.

ಚೋಕ್ ಹಾಕಿದರೆ ಗಾಳಿಯ ದಾರಿ ಕಿರಿದಾಗುತ್ತದೆ. ಎಂಜಿನ್ ಎಳೆಯುವ ಎಳೆತವೆಲ್ಲ ಪೆಟ್ರೋಲ್ ತೂತಿನ ಮೇಲೆ ಬಿದ್ದು ಅದು ಜಾಸ್ತಿ ಬರುತ್ತದೆ. ಬಿಸಿಯಾದ ಎಂಜಿನ್ ಅರ್ಧ ಚೋಕ್‌ನಲ್ಲಿ ಲೋಡ್ ಎಳೆಯುತ್ತದೆ, ಚೋಕ್ ಇಲ್ಲದೆ ಎಳೆಯುವುದಿಲ್ಲ ಅಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅಂತಲೇ ಅರ್ಥ. ಬಟ್ಟೆ ಒಣಗಿಸುತ್ತಿದ್ದವರಿಗೆ ಕಂಡದ್ದು ಟೂಲ್ ಬಾಕ್ಸ್ ಹಿಡಿದು ಬಂದವನಿಗೆ ಕಾಣಲಿಲ್ಲ. ಅತ್ತಿಗೆ ನೋಡಿದ್ದು ಯಂತ್ರ ಕೆಲಸ ಮಾಡುವಾಗ. ಆತ ನೋಡಿದ್ದು ಅದು ಸುಮ್ನೆ ನಿಂತಿದ್ದಾಗ.

ರೇಸ್ ಕೊಟ್ಟು ತೋರಿಸಿದ್ದು ಪರೀಕ್ಷೆಯೇ ಅಲ್ಲ ಅನ್ನೋದು ನನಗೆ ಜಾಸ್ತಿ ಕಾಡಿದ ವಿಷಯ. ಇಂಥ ಎಂಜಿನ್‌ನಲ್ಲಿ ಗವರ್ನರ್ ಅಂತ ಒಂದು ಇರುತ್ತದೆ. ಲಿವರ್ ಎಳೆದರೆ ನಾವು ಸ್ಪ್ರಿಂಗನ್ನು ಬಿಗಿ ಮಾಡುತ್ತೇವೆ ಅಷ್ಟೇ. ಗಾಳಿಯ ಬಾಗಿಲು ಎಷ್ಟು ತೆರೆಯಬೇಕು ಅಂತ ನಿರ್ಧರಿಸುವುದು ಗವರ್ನರ್. ಲೋಡ್ ಇಲ್ಲದಿದ್ದರೆ ಎಂಜಿನ್ ಸಲೀಸಾಗಿ ವೇಗ ಹಿಡಿಯುತ್ತದೆ, ಒಳಗೆ ತಿರುಗುವ ತೂಕಗಳು ಹೊರಕ್ಕೆ ಸರಿದು ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಯೇ ಇಡುತ್ತವೆ. ಶಬ್ದ ಭಾರೀ ಜೋರು, ಪೆಟ್ರೋಲ್ ಬೇಕಾಗುವುದು ತೊಟ್ಟು. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿಗೆ ಮೇನ್ ಜೆಟ್ ಅಂತಾರೆ. ಆ ತೊಟ್ಟನ್ನು ಅರ್ಧ ಕಟ್ಟಿದ ಜೆಟ್ ಕೂಡ ಕೊಡುತ್ತದೆ. ಇನ್ನು ನಿಧಾನವಾಗಿ ಓಡುವಾಗ ಬಳಕೆಯಾಗುವುದು ಪೈಲಟ್ ಜೆಟ್ ಅನ್ನೋ ಬೇರೆಯೇ ತೂತು.

ಮಣ್ಣಿಗೆ ಇಳಿದಾಗ ಕತೆ ಬದಲಾಗುತ್ತದೆ. ವೇಗ ಕುಸಿಯುತ್ತದೆ. ಗವರ್ನರ್ ಸಹಾಯಕ್ಕೆ ಓಡಿಬಂದು ಬಾಗಿಲನ್ನು ಅಗಲವಾಗಿ ತೆರೆಯುತ್ತದೆ. ಗಾಳಿ ನುಗ್ಗುತ್ತದೆ. ಅದರ ಜೊತೆಗೆ ಮೇನ್ ಜೆಟ್‌ನಿಂದ ಪೆಟ್ರೋಲ್ ಬರಬೇಕು, ಬರುವುದಿಲ್ಲ. ಬರೀ ಗಾಳಿ ಕುಡಿದು ಎಂಜಿನ್ ಸಾಯುತ್ತದೆ. ಗವರ್ನರ್ ಪಾಪ, ಅದರ ಕೆಲಸ ಅದು ಮಾಡಿದೆ.

ಕೊನೆಗೆ ನಾನೇ ಬಿಚ್ಚಿದೆ. ಪ್ಲಗ್ ಮೇಲಿನ ವೈರ್ ಕಿತ್ತಿಟ್ಟೆ, ಬ್ಲೇಡು ಅಕಸ್ಮಾತ್ ತಿರುಗಿಬಿಟ್ಟರೆ ಕಷ್ಟ. ಮೊದಲು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಅಡಿಯ ಡ್ರೈನ್ ಸ್ಕ್ರೂ ಸಡಿಲ ಮಾಡಿ, ಪೆಟ್ರೋಲ್ ಟ್ಯಾಪ್ ತೆರೆದಿಟ್ಟು ನೋಡಿದೆ. ಪೆಟ್ರೋಲ್ ನೂಲಿನಂತೆ ಒಂದೇ ಸಮನೆ ಇಳಿಯಿತು, ಕಡಿಮೆಯಾಗಲಿಲ್ಲ. ಹಾಗಾದರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿಲ್ಲ, ಟ್ಯಾಂಕಿನ ಜರಡಿಯೂ ಸರಿ ಇದೆ. ಮುಚ್ಚಳದ ತೂತು ಕಟ್ಟಿದ್ದರೆ ಸ್ವಲ್ಪ ಹೊತ್ತು ಹರಿದು ಆಮೇಲೆ ತೊಟ್ಟಿಕ್ಕಬೇಕಿತ್ತು, ಮುಚ್ಚಳ ತಿರುವಿದಾಗ ಉಸ್ ಅನ್ನಬೇಕಿತ್ತು.

ಆಮೇಲೆ ಟ್ಯಾಪ್ ಮುಚ್ಚಿ, ಕೆಳಗಿನ ಬೋಲ್ಟ್ ತೆಗೆದು ಕಾರ್ಬೊರೇಟರ್ ಅಡಿಯ ಪೆಟ್ರೋಲ್ ಬಟ್ಟಲನ್ನು ಮೆಲ್ಲಗೆ ಕೈಗಿಳಿಸಿಕೊಂಡೆ. ಉಳಿದಿದ್ದ ಪೆಟ್ರೋಲ್ ಅಡಿಯಲ್ಲಿ ಒಂದು ನೀರಿನ ಗುಂಡು ಆಚೀಚೆ ಉರುಳುತ್ತಿತ್ತು. ನೀರು ಭಾರ, ತಳಕ್ಕೇ ಹೋಗಿ ಕೂರುತ್ತದೆ, ಜೆಟ್ ಇರುವುದೂ ಅಲ್ಲೇ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿಕೊಳ್ಳುವುದು ಬೇಗ. ಬಟ್ಟಲ ಗೋಡೆಗೆ ಕಂದು ಅಂಟು, ಉಗುರಲ್ಲಿ ಕೆರೆದರೆ ಮೇಣದ ಹಾಗೆ ಸುರುಳಿ ಬರುತ್ತಿತ್ತು. ಹೋದ ಸಲ ಕಳೆ ತೆಗೆದ ಮೇಲೆ ಮೂಲೆ ಸೇರಿದ್ದ ಯಂತ್ರ ಇದು. ಪೆಟ್ರೋಲ್ ಆರಿ, ಹಳಸಿ, ಹೀಗೆ ಉಳಿದುಕೊಂಡಿದೆ.

ಮೇನ್ ಜೆಟ್ ಒಂದು ಪುಟಾಣಿ ಹಿತ್ತಾಳೆ ಸ್ಕ್ರೂ. ನಡುವಿನ ತೂತು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದೆ. ದುಂಡಗೆ ಕಾಣಬೇಕಾದ ಬೆಳಕು ಉಗುರಂಚಿನಷ್ಟು ತೆಳುವಾಗಿ ಒಂದು ಪಕ್ಕದಲ್ಲಿ ಮಾತ್ರ ಕಂಡಿತು. ಇಷ್ಟೇ ವಿಷಯ. ಕಾರ್ಬೊರೇಟರ್ ಕ್ಲೀನರ್ ಹೊಡೆದು ನೆನೆಯಲು ಬಿಟ್ಟು, ವೈರ್‌ನಿಂದ ಒಂದೇ ಒಂದು ತಾಮ್ರದ ಎಳೆ ಬಿಡಿಸಿ ತೂತಿನಲ್ಲಿ ಆಡಿಸಿದೆ. ಗುಂಡುಸೂಜಿ ಹಾಕಬಾರದು. ಹಿತ್ತಾಳೆ ಮೆದು, ಉಕ್ಕು ತಾಗಿದರೆ ತೂತು ದೊಡ್ಡದಾಗಿ ಆಮೇಲೆ ಪೆಟ್ರೋಲ್ ಅಳತೆಯೇ ತಪ್ಪುತ್ತದೆ. ಜೆಟ್ ಮೇಲಿನ ಕೊಳವೆಯ ಪಕ್ಕದ ಸಣ್ಣ ತೂತುಗಳನ್ನೂ ಬಿಡಲಿಲ್ಲ. ಟ್ಯಾಂಕಿನ ಹಳೆ ಪೆಟ್ರೋಲ್ ಚೆಲ್ಲದೆ ಬೇರೆ ಕ್ಯಾನಿಗೆ ತೆಗೆದು, ಹೊಸದು ತುಂಬಿದೆ.

ಈ ಸಲ ನೇರ ಮಣ್ಣಿಗೇ ಇಳಿಸಿದೆ. ಬ್ಲೇಡು ಆಳಕ್ಕೆ ಹೋಯಿತು, ದನಿ ಒಂದು ಕ್ಷಣ ತಗ್ಗಿ ಮತ್ತೆ ಏರಿತು. ಆ ತಗ್ಗಿ ಏರುವುದೇ ಗವರ್ನರ್. ನಿಲ್ಲಲಿಲ್ಲ.

ಖುಷಿಯಾಯಿತು. ಆದರೂ ಆ ಮಾತು ಬಿಡಲಿಲ್ಲ. "ಓಡ್ತಾ ಇದೆಯಲ್ಲ." ಚಿಕ್ಕಪ್ಪನ ನೆನಪಾಯಿತು. ಅವರಿಗೆ ಮೆಟ್ಟಿಲು ಹತ್ತುವಾಗ ಮಾತ್ರ ಎದೆ ಹಿಡಿದ ಹಾಗೆ ಆಗುತ್ತಿತ್ತು. ಮಲಗಿಸಿ ತೆಗೆದ ಇಸಿಜಿಯಲ್ಲಿ ಏನೂ ಇರಲಿಲ್ಲ. ಡಾಕ್ಟರ್ "ಸರಿ ಇದೆಯಲ್ಲ" ಅಂತ ಕಳಿಸಲಿಲ್ಲ. ಟ್ರೆಡ್‌ಮಿಲ್ ಹತ್ತಿಸಿದರು. 3 ನಿಮಿಷಕ್ಕೊಮ್ಮೆ ವೇಗವೂ ಏರು, ಇಳಿಜಾರೂ ಏರು. ಆಗ ಗೆರೆ ಬದಲಾಯಿತು. ಆ ಡಾಕ್ಟರ್ ಚಿಕ್ಕಪ್ಪನನ್ನು ಕೇಳಿದ ಮೊದಲ ಪ್ರಶ್ನೆ "ಏನಾಗುತ್ತೆ" ಅಂತಲ್ಲ, "ಯಾವಾಗ ಆಗುತ್ತೆ" ಅಂತ.

ಎಂಜಿನ್‌ಗೂ ಅದೇ ಪ್ರಶ್ನೆ ಕೇಳಬೇಕಿತ್ತು. ತಣ್ಣಗಿದ್ದಾಗಲೋ, ಕಾದ ಮೇಲೋ? ಕಾದ ಮೇಲೆ ನಿಂತು, ತಣ್ಣಗಾದ ಮೇಲೆ ಮತ್ತೆ ಶುರುವಾದರೆ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ಸ್ವಿಚ್ ಆರಿಸಿದ ಹಾಗೆ ಫಟ್ ಅಂತ ನಿಲ್ಲುತ್ತದೋ, ಕೆಮ್ಮಿ ಕೆಮ್ಮಿಯೋ? ಫಟ್ ಅಂದರೆ ಸಾಮಾನ್ಯವಾಗಿ ಕಿಡಿಯ ತೊಂದರೆ, ಕೆಮ್ಮಿದರೆ ಪೆಟ್ರೋಲ್‌ದು. ವಾಲಿದಾಗ ಮಾತ್ರವೋ? ಆಯಿಲ್ ಸೆನ್ಸರ್ ಇದ್ದರೆ ಆಯಿಲ್ ಕಡಿಮೆಯಾಗಿ ಅದೇ ನಿಲ್ಲಿಸುತ್ತಿರಬಹುದು. ಈ ಉತ್ತರಗಳೆಲ್ಲ ಇರುವುದು ದಿನಾ ಯಂತ್ರ ಹಿಡಿಯುವವರ ಹತ್ತಿರ. ಕೇಳದೆಯೇ ಬಿಟ್ಟರೆ ಪ್ಲಗ್ ಬದಲಾಯಿಸುವುದೊಂದೇ ಉಳಿಯುತ್ತದೆ. ನನಗೆ ಸಿಟ್ಟು ಬಂದದ್ದು ರಿಪೇರಿ ಆಗಲಿಲ್ಲ ಅಂತಲ್ಲ. ನಾನು ಫೋನಿನಲ್ಲೇ ಕೊಟ್ಟಿದ್ದ ಉತ್ತರವನ್ನು ನನ್ನ ಕೈಗೆ ಓಡಿಸಲು ಬರುವುದಿಲ್ಲ ಅನ್ನುವುದಕ್ಕೆ ಸಾಕ್ಷಿ ಮಾಡಿಕೊಂಡನಲ್ಲ, ಅದಕ್ಕೆ.

ಅಣ್ಣ ಹೇಳುವುದೇ ಬೇರೆ. "ದುಡಿಯೋರು ಅವರು, ದಿನಕ್ಕೆ ಎಷ್ಟು ಮನೆ ತಿರುಗ್ತಾರೆ, ಎಲ್ಲರ ಮಣ್ಣು ತುಳೀತಾ ಕೂತ್ಕೊಳ್ಳೋಕಾಗತ್ತಾ?" ಅದೂ ನಿಜ. ಆದರೆ ಮಣ್ಣು ತುಳಿಯದೆ ಹೋಗಿದ್ದಕ್ಕೆ ಆತ ಇನ್ನೊಂದು ಸಲ ಬರಬೇಕಾಗುತ್ತಿತ್ತು, ಆಗ ಉಳಿದ ಸಮಯ ಎಲ್ಲಿ ಹೋಯಿತು?

ಈಗ ಬಟ್ಟಲಿನ ಬೋಲ್ಟ್ ಹತ್ತಿರ ಪೆಟ್ರೋಲ್ ಸಣ್ಣಗೆ ಜಿನುಗುತ್ತಿದೆ. ವಾಷರ್ ಚಪ್ಪಟೆಯಾಗಿದೆ. ಹೊಸದು ಹಾಕುವ ತನಕ ಶುರು ಮಾಡುವ ಹಾಗಿಲ್ಲ, ಬೆಂಕಿ ಜೊತೆ ಆಟ ಬೇಡ. ಇನ್ನು ಮುಂದೆ ಕೆಲಸ ಮುಗಿದ ಮೇಲೆ ಸ್ವಿಚ್ ಬದಲು ಟ್ಯಾಪ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲಲು ಬಿಡುತ್ತೇನೆ. ಬಟ್ಟಲು ಖಾಲಿಯಾದಷ್ಟೂ ಅಂಟು ಕಟ್ಟುವುದು ಕಡಿಮೆ.